ದದ್ದು ಏಳುವ ಮೊದಲಿನ ನಾಲ್ಕು ದಿನ

1981ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಕೌಂಟಿಯಲ್ಲಿ 12 ವರ್ಷದ ಹುಡುಗನೊಬ್ಬನನ್ನು ಮಕ್ಕಳ ಕ್ಲಿನಿಕ್ಕಿಗೆ ಕರೆತಂದರು. ಮೈಮೇಲೆ ದದ್ದು ಎದ್ದು ಎರಡನೇ ದಿನ, ಜೊತೆಗೆ ಜೋರು ಕೆಮ್ಮು. ಹೊರಗಿನ ಕೋಣೆಯನ್ನು ಹಾದು ಒಳಗೆ ಹೋದ, ಡಾಕ್ಟರು ನೋಡುವ ಕೋಣೆಯಲ್ಲಿ ಒಂದು ಗಂಟೆ ಇದ್ದ, ಹೊರಟುಹೋದ. ಅಷ್ಟರಿಂದ ಏಳು ಮಕ್ಕಳಿಗೆ ದಡಾರ ಅಂಟಿತು. ಅವರಲ್ಲಿ ಮೂವರು ಅವನಿದ್ದ ಕೋಣೆಯಲ್ಲಿ ಅವನ ಜೊತೆ ಒಂದು ಕ್ಷಣವೂ ಇರಲಿಲ್ಲ. ಆ ಮೂವರಲ್ಲಿ ಒಂದು ಮಗುವಂತೂ ಕ್ಲಿನಿಕ್ಕಿಗೆ ಬಂದದ್ದೇ ಅವನು ಹೋಗಿ ಒಂದು ಗಂಟೆಯಾದ ಮೇಲೆ.

ದಡಾರ ಅಂದ ಕೂಡಲೇ ನಮಗೆ ನೆನಪಾಗುವುದು ಮೈತುಂಬ ಕೆಂಪು ದದ್ದು. ಕೆಲವು ಕಡೆ ಇದನ್ನು ಗೊಬ್ಬರ ಅನ್ನುತ್ತಾರೆ. ಹಳ್ಳಿಗಳಲ್ಲಿ ಸೀತಾಳೆ ಸಿಡುಬನ್ನೂ ಇದನ್ನೂ ಒಟ್ಟಿಗೆ ಸೇರಿಸಿ "ಅಮ್ಮ ಆಗಿದೆ" ಅನ್ನುವುದುಂಟು. ಹೀಗಾಗಿ ಇದು ಚರ್ಮದ ಕಾಯಿಲೆ, ಮುಟ್ಟಿದರೆ ಅಂಟುತ್ತದೆ ಎಂಬ ಭಾವನೆ ಬಲವಾಗಿ ಉಳಿದುಬಿಟ್ಟಿದೆ. ಆದರೆ ಈ ವೈರಸ್ಸು ಬರುವುದೂ ಉಸಿರಿನ ದಾರಿಯಲ್ಲಿ, ಹೋಗುವುದೂ ಉಸಿರಿನ ದಾರಿಯಲ್ಲಿ. ರೋಗಿ ಕೆಮ್ಮಿದಾಗ, ಸೀನಿದಾಗ, ಸುಮ್ಮನೆ ಮಾತಾಡಿದಾಗಲೂ ಹನಿಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಬೇಗ ನೆಲ ಸೇರುತ್ತವೆ. ತೀರಾ ಸಣ್ಣವು ಒಣಗಿ ಹಗುರಾಗಿ ಗಾಳಿಯಲ್ಲಿ ತೇಲುತ್ತಲೇ ಇರುತ್ತವೆ. ಊದುಬತ್ತಿ ಉರಿದು ಮುಗಿದ ಮೇಲೂ ಬಾಗಿಲು ಹಾಕಿದ ಕೋಣೆಯಲ್ಲಿ ಅದರ ವಾಸನೆ ನಿಲ್ಲುವ ಹಾಗೆ, ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯ ತನಕ ಆ ಗಾಳಿಯಲ್ಲಿ ವೈರಸ್ಸು ಇರಬಲ್ಲದು. ಲಸಿಕೆಯನ್ನೂ ಪಡೆಯದ, ಹಿಂದೆ ಕಾಯಿಲೆಯೂ ಬಂದಿರದ ಹತ್ತು ಜನ ರೋಗಿಯ ಹತ್ತಿರ ಸುಳಿದರೆ ಅವರಲ್ಲಿ ಒಂಬತ್ತು ಮಂದಿಗೆ ರೋಗ ಹತ್ತುತ್ತದೆ. ಯಾರಿಗೂ ರಕ್ಷಣೆ ಇಲ್ಲದ ಊರಿನಲ್ಲಿ ಒಬ್ಬ ರೋಗಿ 12ರಿಂದ 18 ಜನಕ್ಕೆ ಹರಡುತ್ತಾನೆ ಎಂದು ಲೆಕ್ಕ. ಕೋವಿಡ್‌ನ ಮೊದಲ ಅಲೆಯಲ್ಲಿ ಈ ಸಂಖ್ಯೆ ಎರಡು, ಮೂರರ ಆಸುಪಾಸಿನಲ್ಲಿತ್ತು. ಅಷ್ಟಕ್ಕೇ ನಾವು ಪಟ್ಟ ಪಾಡು ಎಲ್ಲರಿಗೂ ನೆನಪಿದೆ.

1974ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಬಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಎರಡನೇ ತರಗತಿಯ ಒಂದೇ ಮಗುವಿನಿಂದ 28 ಮಕ್ಕಳಿಗೆ ದಡಾರ ಬಂತು. ಆ 28 ಮಕ್ಕಳು ಕೂರುತ್ತಿದ್ದದ್ದು 14 ಬೇರೆ ಬೇರೆ ತರಗತಿಗಳಲ್ಲಿ. ಒಂದು ಕೋಣೆಯ ಗಾಳಿಯನ್ನೇ ಮತ್ತೆ ಇನ್ನೊಂದಕ್ಕೆ ಹಾಯಿಸುವ ವ್ಯವಸ್ಥೆ ಆ ಶಾಲೆಯಲ್ಲಿತ್ತು. ಕಿಟಕಿ ತೆರೆಯಲಾಗದ, ಏಸಿ ಹಾಕಿ ಮುಚ್ಚಿದ ತರಗತಿಗಳು ಈಗ ನಮ್ಮ ನಗರಗಳಲ್ಲೂ ಹೆಚ್ಚುತ್ತಿರುವುದನ್ನು ಕಂಡಾಗ ನನಗೆ ಆ ಶಾಲೆ ನೆನಪಾಗುತ್ತದೆ.

ಈ ಕಾಯಿಲೆಯ ನಡೆಯನ್ನು ಮೊದಲ ಬಾರಿಗೆ ದಿನ ಎಣಿಸಿ ಬರೆದಿಟ್ಟವನು ಡೆನ್ಮಾರ್ಕಿನ ಪೀಟರ್ ಪಾನಮ್ ಎಂಬ ಯುವ ವೈದ್ಯ. ಆಗ ವೈರಸ್ಸು ಎಂಬ ಕಲ್ಪನೆಯೇ ಇರಲಿಲ್ಲ. 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಿಗೆ ಕೋಪನ್‌ಹೇಗನ್‌ನಿಂದ ಹಡಗಿನಲ್ಲಿ ಬಂದ ಒಬ್ಬ ಬಡಗಿ ದಡಾರವನ್ನು ಹೊತ್ತು ತಂದ. ಅಲ್ಲಿ 65 ವರ್ಷದಿಂದ ಆ ರೋಗ ಸುಳಿದಿರಲಿಲ್ಲ. ಸುಮಾರು 7,800 ಜನರಿದ್ದ ದ್ವೀಪಗಳಲ್ಲಿ ಕೆಲವೇ ತಿಂಗಳಲ್ಲಿ 6,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಸರ್ಕಾರ 25 ವರ್ಷದ ಪಾನಮ್‌ನನ್ನು ಅಲ್ಲಿಗೆ ಕಳಿಸಿತು. ಅವನು ದೋಣಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗಿ, ಯಾರಿಗೆ ಯಾವತ್ತು ದದ್ದು ಎದ್ದಿತು, ಅದಕ್ಕೆ ಮುಂಚೆ ಅವರು ಎಲ್ಲೆಲ್ಲಿಗೆ ಹೋಗಿದ್ದರು ಎಂದು ಮನೆಮನೆಯಲ್ಲೂ ವಿಚಾರಿಸಿದ. ಒಂದು ಹಳ್ಳಿಯ ಹತ್ತು ಗಂಡಸರು ಒಂದೇ ದೋಣಿಯಲ್ಲಿ ಜೂನ್ 4ರಂದು ಇನ್ನೊಂದು ಊರಿಗೆ ತಿಮಿಂಗಿಲ ಬೇಟೆಗೆ ಹೋಗಿದ್ದರು. ಜೂನ್ 18ರಂದು ಹತ್ತೂ ಜನರಿಗೆ ದದ್ದು ಎದ್ದಿತು. ಹೀಗೆ ಊರೂರಿನ ಲೆಕ್ಕವನ್ನು ತಾಳೆ ಹಾಕಿ ನೋಡಿ, ರೋಗ ಅಂಟಿದ ದಿನದಿಂದ ದದ್ದಿನ ತನಕ ಸುಮಾರು ಎರಡು ವಾರ ಎಂದು ಅವನು ಬರೆದ. ಇವತ್ತಿನ ಪಠ್ಯಪುಸ್ತಕದಲ್ಲೂ ಅದೇ ಅಂಕಿಯಿದೆ. ಇನ್ನೊಂದು ಸಂಗತಿಯನ್ನೂ ಅವನು ಕಂಡ. 1781ರ ಹಾವಳಿಯಲ್ಲಿ ಚಿಕ್ಕಂದಿನಲ್ಲೇ ದಡಾರ ಬಂದು ಬದುಕುಳಿದಿದ್ದ ಮುದುಕರು ಇನ್ನೂ ಅಲ್ಲಿದ್ದರು. ಅವರಲ್ಲಿ ಒಬ್ಬರಿಗೂ ಈ ಬಾರಿ ರೋಗ ತಗುಲಲಿಲ್ಲ. ಒಮ್ಮೆ ಬಂದರೆ ಜೀವಮಾನಕ್ಕೆಲ್ಲ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ.

ಆ ಎರಡು ವಾರ ಮಗುವಿನ ಮೈಯೊಳಗೆ ನಡೆಯುವುದು ಇಷ್ಟು. ಉಸಿರಿನ ಜೊತೆ ಒಳಗೆ ಹೋದ ವೈರಸ್ಸು ಶ್ವಾಸಕೋಶದಲ್ಲಿ ಕಾವಲಿಗಿರುವ ರೋಗನಿರೋಧಕ ಕೋಶಗಳನ್ನೇ ಮೊದಲು ಹಿಡಿಯುತ್ತದೆ. ಆ ಕೋಶಗಳು ತಮ್ಮ ಅಭ್ಯಾಸದಂತೆ ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ, ವೈರಸ್ಸೂ ಅವುಗಳ ಜೊತೆಗೆ ಅಲ್ಲಿಗೆ ತಲುಪುತ್ತದೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮೈಯ ಎಲ್ಲ ಭಾಗಕ್ಕೆ. ಇಷ್ಟೂ ದಿನ ಮಗು ಆಡಿಕೊಂಡೇ ಇರುತ್ತದೆ, ಏನೊಂದೂ ಗೊತ್ತಾಗುವುದಿಲ್ಲ. ಕೊನೆಗೆ ವೈರಸ್ಸು ಗಂಟಲು ಮತ್ತು ಶ್ವಾಸನಾಳದ ಒಳಪದರಕ್ಕೆ ಹಿಂಬದಿಯಿಂದ ಬಂದು ಸೇರಿಕೊಂಡು, ಅಲ್ಲಿ ಲೆಕ್ಕವಿಲ್ಲದಷ್ಟು ಹೆಚ್ಚಿ, ಕೆಮ್ಮಿನ ಜೊತೆ ಹೊರಗೆ ಬರುತ್ತದೆ.

ಅಂಟಿ ಹತ್ತು ಹನ್ನೆರಡನೇ ದಿನಕ್ಕೆ ಜ್ವರ ಶುರು. ಮೂಗು ಸೋರುತ್ತದೆ, ಒಣಕೆಮ್ಮು ಕಾಡುತ್ತದೆ, ಕಣ್ಣು ಕೆಂಪಗಾಗಿ ನೀರು ಸುರಿಯುತ್ತದೆ, ಬೆಳಕನ್ನು ಕಂಡರೆ ಮಗು ಮುಖ ಮುಚ್ಚಿಕೊಳ್ಳುತ್ತದೆ. ಈ ಹಂತದಲ್ಲಿ ಯಾವ ತಾಯಿಯಾದರೂ ನೆಗಡಿ ಜ್ವರ ಅಂದುಕೊಳ್ಳುತ್ತಾಳೆ. ಡಾಕ್ಟರೂ ಹಾಗೇ ಅಂದುಕೊಳ್ಳಬಹುದು. ಒಂದೇ ಒಂದು ಸುಳಿವು ಬಾಯೊಳಗಿರುತ್ತದೆ. ಕೆನ್ನೆಯ ಒಳಭಾಗದಲ್ಲಿ, ದವಡೆ ಹಲ್ಲುಗಳ ಎದುರಿಗೆ, ಕೆಂಪು ನೆಲದ ಮೇಲೆ ಉಪ್ಪಿನ ಹರಳಿನಷ್ಟು ಸಣ್ಣ ಬಿಳಿ ಚುಕ್ಕೆಗಳು. ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕಾಪ್ಲಿಕ್ 1896ರಲ್ಲಿ ಇವುಗಳ ಬಗ್ಗೆ ಬರೆದದ್ದರಿಂದ ಇವಕ್ಕೆ ಅವರದೇ ಹೆಸರು. ಒಂದೆರಡು ದಿನ ಇದ್ದು ಮಾಯವಾಗುತ್ತವೆ. ಮಗು ಬಾಯಿ ತೆರೆಯಲು ಹಟ ಮಾಡಿದರೆ, ಟಾರ್ಚು ಹಿಡಿದು ನೋಡುವ ವ್ಯವಧಾನ ಯಾರಿಗೂ ಇಲ್ಲದಿದ್ದರೆ, ಆ ಸುಳಿವೂ ತಪ್ಪಿಹೋಯಿತು.

ಜ್ವರ ಬಂದು ಎರಡರಿಂದ ನಾಲ್ಕು ದಿನಕ್ಕೆ ದದ್ದು ಏಳುತ್ತದೆ. ಮೊದಲು ಕಿವಿಯ ಹಿಂದೆ, ಹಣೆಯ ಮೇಲೆ ಕೂದಲು ಶುರುವಾಗುವಲ್ಲಿ. ಅಲ್ಲಿಂದ ಮುಖ, ಕುತ್ತಿಗೆ, ಎದೆ, ಬೆನ್ನು, ಕೈ, ಕೊನೆಗೆ ಕಾಲು. ಮೇಲಿನಿಂದ ಕೆಳಗಿಳಿಯುವ ಈ ಕ್ರಮವೇ ದಡಾರದ ಗುರುತು. ಸೀತಾಳೆ ಸಿಡುಬಿನ ಹಾಗೆ ನೀರು ತುಂಬಿದ ಗುಳ್ಳೆ ಇಲ್ಲಿರುವುದಿಲ್ಲ. ನಮ್ಮ ಮಕ್ಕಳ ಕಪ್ಪು ಮೈಬಣ್ಣದ ಮೇಲೆ ಕೆಂಪು ಎದ್ದು ಕಾಣದೇ ಇರಬಹುದು. ಹಾಗಾಗಿ ಕೈಯಾಡಿಸಿ ನೋಡಬೇಕು, ಚರ್ಮ ತರಿತರಿಯಾಗಿ ಸಿಗುತ್ತದೆ. ದದ್ದು ಏಳುವಾಗ ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟುವುದು ಅಪರೂಪವಲ್ಲ. ಮೂರು ನಾಲ್ಕು ದಿನಕ್ಕೆ ದದ್ದು ಬಂದ ಕ್ರಮದಲ್ಲೇ ಬಾಡಿ, ಕಂದು ಕಲೆಯಾಗಿ, ಹೊಟ್ಟಿನಂತೆ ಉದುರುತ್ತದೆ.

ಈ ದದ್ದನ್ನು ಮಾಡುವುದು ಹೆಚ್ಚಾಗಿ ನಮ್ಮದೇ ದೇಹ. ಸೋಂಕು ತಗುಲಿದ ಕೋಶಗಳನ್ನು ರೋಗನಿರೋಧಕ ಶಕ್ತಿ ಹುಡುಕಿ ಕೊಲ್ಲುವಾಗ ಚರ್ಮದ ಮೇಲೆ ಕಾಣುವ ಗುರುತು ಅದು. ಅಂದರೆ ದದ್ದು ಕಾಣುವ ಹೊತ್ತಿಗೆ ದೇಹ ಹೋರಾಟಕ್ಕಿಳಿದಾಗಿದೆ, ವೈರಸ್ಸು ಊರು ಸುತ್ತಿಯೂ ಆಗಿದೆ. ಮಗು ರೋಗ ಹರಡಲು ಶುರು ಮಾಡುವುದು ದದ್ದಿಗೆ ನಾಲ್ಕು ದಿನ ಮೊದಲೇ. ಆಮೇಲೂ ನಾಲ್ಕು ದಿನ ಹರಡುತ್ತದೆ. ಮೊದಲಿನ ಆ ನಾಲ್ಕು ದಿನಗಳಲ್ಲಿ ಮಗು ಅಂಗನವಾಡಿಗೆ ಹೋಗಿರುತ್ತದೆ, ಬಸ್ಸಿನಲ್ಲಿ ಅಜ್ಜಿಮನೆಗೆ ಹೋಗಿರುತ್ತದೆ, ಮದುವೆ ಛತ್ರದಲ್ಲಿ ಓಡಾಡಿರುತ್ತದೆ, ನೆಗಡಿಗೆಂದು ಆಸ್ಪತ್ರೆಯ ಬೆಂಚಿನ ಮೇಲೆ ಹಸುಗೂಸುಗಳ ಪಕ್ಕ ಕೂತಿರುತ್ತದೆ. ಅದು ದಡಾರ ಎಂದು ಆಗ ಲೋಕದಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಈ ರೋಗವನ್ನು ರೋಗಿಯನ್ನು ಬೇರೆ ಇಡುವುದರಿಂದಷ್ಟೇ ತಡೆಯಲಾಗದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮ ಹಿರಿಯರ ಪದ್ಧತಿಯಲ್ಲಿ ಒಳ್ಳೆಯದೂ ಇತ್ತು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಆ ಮನೆಗೆ ಹೊರಗಿನವರು ಬರುತ್ತಿರಲಿಲ್ಲ. ಮಗುವನ್ನು ಮಬ್ಬು ಬೆಳಕಿನ ಕೋಣೆಯಲ್ಲಿ ಮಲಗಿಸುತ್ತಿದ್ದರು, ಕಣ್ಣಿಗೆ ಅದು ಹಿತವೇ. ಆದರೆ ಅದೇ ಭಕ್ತಿಯಲ್ಲಿ "ಅಮ್ಮ ಬಂದವ್ಳೆ, ಔಷಧಿ ಸೂಜಿ ಏನೂ ಬ್ಯಾಡ" ಎಂದು ತಡೆಯುವುದು, ಎಣ್ಣೆ ಒಗ್ಗರಣೆ ಆಗದು ಎಂದು ಅರೆಹೊಟ್ಟೆಯಲ್ಲಿ ಇಡುವುದು ಮಗುವಿನ ಜೀವಕ್ಕೇ ಎರವಾಗುತ್ತದೆ. ದಡಾರದಲ್ಲಿ ಮಕ್ಕಳು ಸಾಯುವುದು ಹೆಚ್ಚಾಗಿ ದದ್ದಿನಿಂದಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾದಿಂದ, ಭೇದಿಯಿಂದ. ಮೊದಲೇ ಸೊರಗಿದ ಮಗುವಾದರೆ ಅಪಾಯ ಇನ್ನೂ ಹೆಚ್ಚು. ಈ ವೈರಸ್ಸು ದೇಹದಲ್ಲಿರುವ ವಿಟಮಿನ್ ಎ ಅನ್ನು ಬರಿದು ಮಾಡುತ್ತದೆ. ಅದರ ಕೊರತೆಯಿಂದ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಒಣಗಿ ಹುಣ್ಣಾಗಿ ಶಾಶ್ವತವಾಗಿ ಕುರುಡಾದ ಮಕ್ಕಳು ಒಂದು ಕಾಲಕ್ಕೆ ನಮ್ಮ ಊರುಗಳಲ್ಲೂ ಇದ್ದರು. ಆದ್ದರಿಂದ ದಡಾರ ಬಂದ ಪ್ರತಿ ಮಗುವಿಗೂ ಸತತ ಎರಡು ದಿನ ವಿಟಮಿನ್ ಎ ಕೊಡುವುದು ಚಿಕಿತ್ಸೆಯ ಭಾಗ. ವರ್ಷ ತುಂಬಿದ ಮಗುವಿಗೆ ದಿನಕ್ಕೆ 2 ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳ ಕೂಸಿಗೆ 1 ಲಕ್ಷ. ಇದನ್ನು ಡಾಕ್ಟರೇ ಅಳೆದು ಕೊಡಬೇಕು, ಜಾಸ್ತಿಯಾದರೆ ವಿಷ. ಉಳಿದಂತೆ ಎದೆಹಾಲು, ಗಂಜಿ, ಮೊಸರನ್ನ, ಬೇಳೆಕಟ್ಟು, ಮಗು ತಿನ್ನುವುದೆಲ್ಲವನ್ನೂ ಧಾರಾಳವಾಗಿ ಕೊಡಬೇಕು. ಉಸಿರು ಜೋರಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಗು ಮಂಕಾಗಿ ಕರೆದರೆ ಓಗೊಡದಿದ್ದರೆ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ಮಂಕಾದ ಮಗುವಿನ ಮಾತು ಬಂದಾಗ ರೋಲ್ಡ್ ಡಾಲ್ ನೆನಪಾಗುತ್ತಾರೆ. ಮಕ್ಕಳ ಕಥೆಗಳಿಂದ ಜಗತ್ತಿಗೆಲ್ಲ ಗೊತ್ತಿರುವ ಈ ಬ್ರಿಟಿಷ್ ಲೇಖಕರ ಹಿರಿಯ ಮಗಳು ಒಲಿವಿಯಾ. ಅವಳಿಗೆ ಏಳು ವರ್ಷವಿದ್ದಾಗ ದಡಾರ ಬಂತು, ಗುಣವಾಗುತ್ತಿದ್ದಾಳೆ ಎಂದೇ ಎಲ್ಲರೂ ನಂಬಿದ್ದರು. ಒಂದು ಬೆಳಿಗ್ಗೆ ಹಾಸಿಗೆಯ ಮೇಲೆ ಅವಳ ಪಕ್ಕ ಕೂತು ಬಣ್ಣದ ತಂತಿಗಳಿಂದ ಪುಟ್ಟ ಪ್ರಾಣಿಗಳನ್ನು ಮಾಡುವುದು ಹೇಗೆಂದು ಅಪ್ಪ ತೋರಿಸಿಕೊಡುತ್ತಿದ್ದರು. ಅವಳು ಮಾಡಹೋದಾಗ ಬೆರಳುಗಳು ಮನಸ್ಸಿನ ಮಾತು ಕೇಳುತ್ತಿರಲಿಲ್ಲ. ತುಂಬ ನಿದ್ದೆ ಬರುತ್ತಿದೆ ಅಂದಳು. ಒಂದು ಗಂಟೆಯಲ್ಲಿ ಪ್ರಜ್ಞೆ ತಪ್ಪಿತು, ಹನ್ನೆರಡು ಗಂಟೆಯಲ್ಲಿ ತೀರಿಕೊಂಡಳು. ದಡಾರ ಬಂದ ಸಾವಿರ ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಹೀಗೆ ಮಿದುಳಿಗೇ ಬಾವು ಬರುತ್ತದೆ. ಒಲಿವಿಯಾ ತೀರಿಕೊಂಡದ್ದು 1962ರ ನವೆಂಬರ್‌ನಲ್ಲಿ. ಮೊದಲ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1963ರಲ್ಲಿ. ಡಾಲ್ ಮುಂದೆ 1986ರಲ್ಲಿ, ನಿಮ್ಮ ಮಕ್ಕಳಿಗೆ ಲಸಿಕೆ ಹಾಕಿಸಿ ಎಂದು ಬೇಡಿಕೊಂಡು ತಂದೆತಾಯಿಯರಿಗೆ ಒಂದು ಕಾಗದ ಬರೆದರು.

ಕಾಯಿಲೆ ವಾಸಿಯಾದ ಮೇಲೂ ಅದರ ಬಾಕಿ ಉಳಿದಿರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ದಡಾರಕ್ಕೆ ಮೊದಲೂ ಆಮೇಲೂ ಪರೀಕ್ಷಿಸಿದ ವಿಜ್ಞಾನಿಗಳು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರೆ ಬೇರೆ ರೋಗಾಣುಗಳ ವಿರುದ್ಧ ಆ ಮಕ್ಕಳು ಅಷ್ಟು ವರ್ಷದಲ್ಲಿ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ 11ರಿಂದ 73ರಷ್ಟು ಅಳಿಸಿಹೋಗಿದ್ದವು. ವೈರಸ್ಸು ಮೊದಲು ಹಿಡಿಯುವುದೇ ರೋಗನಿರೋಧಕ ಕೋಶಗಳನ್ನು, ಅವುಗಳ ನೆನಪೇ ಅದರ ಜೊತೆ ಹೋಗುತ್ತದೆ. "ದಡಾರ ಆದ್ಮೇಲಿಂದ ಮಗು ಪದೇಪದೇ ಹುಷಾರು ತಪ್ತಿದೆ" ಎಂದು ತಾಯಂದಿರು ಹೇಳುವ ಮಾತಿಗೆ ಪ್ರಯೋಗಾಲಯದ ಆಧಾರ ಸಿಕ್ಕಿತು. ತೀರಾ ಅಪರೂಪಕ್ಕೆ, ಅದರಲ್ಲೂ ಎರಡು ವರ್ಷದೊಳಗೆ ದಡಾರ ಬಂದ ಮಕ್ಕಳಲ್ಲಿ, ವೈರಸ್ಸು ಮಿದುಳಿನಲ್ಲಿ ಅಡಗಿ ಕೂತು ಏಳೆಂಟು ವರ್ಷದ ನಂತರ ಎದ್ದು ಬರುತ್ತದೆ. ಚೆನ್ನಾಗಿ ಓದುತ್ತಿದ್ದ ಮಗು ಮರೆಯತೊಡಗುತ್ತದೆ, ಮೈ ಬೆಚ್ಚಿ ಬೆಚ್ಚಿ ಬೀಳುತ್ತದೆ, ಕೊನೆಗೆ ಹಾಸಿಗೆ ಹಿಡಿಯುತ್ತದೆ. ಅದನ್ನು ವಾಸಿ ಮಾಡುವ ಔಷಧಿ ಇವತ್ತಿಗೂ ಇಲ್ಲ.

ಲಸಿಕೆ ಬರುವ ಮುಂಚೆ ಜಗತ್ತಿನಲ್ಲಿ ದಡಾರದಿಂದ ವರ್ಷಕ್ಕೆ ಸುಮಾರು 26 ಲಕ್ಷ ಜನ ಸಾಯುತ್ತಿದ್ದರು. 2023ರಲ್ಲಿ ಆ ಸಂಖ್ಯೆ ಒಂದು ಲಕ್ಷದ ಏಳು ಸಾವಿರದಷ್ಟು, ಬಹುಪಾಲು ಐದು ವರ್ಷದೊಳಗಿನ, ಲಸಿಕೆ ಸಿಗದ ಮಕ್ಕಳು. 1954ರಲ್ಲಿ ಬಾಸ್ಟನ್ ಬಳಿಯ ಒಂದು ವಸತಿ ಶಾಲೆಯ ಹುಡುಗನ ಗಂಟಲು ಮತ್ತು ರಕ್ತದಿಂದ ಜಾನ್ ಎಂಡರ್ಸ್ ಮತ್ತು ಥಾಮಸ್ ಪೀಬಲ್ಸ್ ಬೇರ್ಪಡಿಸಿದ ವೈರಸ್ಸಿನ ಸಂತತಿಯೇ, ಬಲಗುಂದಿಸಿದ ರೂಪದಲ್ಲಿ, ಇವತ್ತು ಪುಣೆಯಲ್ಲಿ ತಯಾರಾಗಿ ನಮ್ಮ ಅಂಗನವಾಡಿಗಳಿಗೆ ಬರುತ್ತಿದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆ 1985ರಿಂದ ಇದೆ. ಎರಡನೇ ಡೋಸ್ ಸೇರಿದ್ದು 2010ರಲ್ಲಿ. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆಯ ದೊಡ್ಡ ಅಭಿಯಾನ ಮೊದಲು ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳಿಂದ 15 ವರ್ಷದೊಳಗಿನ ಮಕ್ಕಳನ್ನು ಶಾಲೆಗಳಲ್ಲಿ ಸಾಲಾಗಿ ನಿಲ್ಲಿಸಿ ಲಸಿಕೆ ಹಾಕಿದ್ದು ಹಲವರಿಗೆ ನೆನಪಿರಬಹುದು. ಈಗ ಒಂಬತ್ತು ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಮೊದಲನೆಯದರ ಜೊತೆ ಬಾಯಿಗೆ ವಿಟಮಿನ್ ಎ ಹಾಕುತ್ತಾರೆ.

ಲಸಿಕೆ ದಿನ ಅಂಗನವಾಡಿಯ ಮೂಲೆಯಲ್ಲಿ ಕೂತ ಸಿಸ್ಟರ್ ಏನು ಮಾಡುತ್ತಾರೆ ಎಂದು ಹತ್ತಿರದಿಂದ ನೋಡಿ. ಐಸ್‌ಪ್ಯಾಕ್ ಇಟ್ಟ ನೀಲಿ ಡಬ್ಬಿಯಿಂದ ಪುಟ್ಟ ಬಾಟಲಿ ತೆಗೆಯುತ್ತಾರೆ, ಒಳಗೆ ಒಣಗಿದ ಪುಡಿಯಷ್ಟೇ ಇರುತ್ತದೆ. ಅದಕ್ಕೆಂದೇ ಬಂದಿರುವ ನೀರನ್ನು ಬೆರೆಸಿ, ಬೆರೆಸಿದ ಗಂಟೆಯನ್ನು ಬಾಟಲಿಯ ಮೇಲೆ ಬರೆಯುತ್ತಾರೆ. ನಾಲ್ಕು ಗಂಟೆಯೊಳಗೆ ಅದನ್ನು ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಈ ನಿಯಮ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಈ ಲಸಿಕೆ ಪಡೆದ ಮೂರು ಹಸುಳೆಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟು ಬಳಸಿದ ರೀತಿಯಲ್ಲೇ ಲೋಪವಾಗಿತ್ತೆಂದು ಪ್ರಾಥಮಿಕ ತನಿಖೆ ಹೇಳಿತು. ಆ ಮನೆಗಳ ದುಃಖಕ್ಕೆ ಸಮಾಧಾನ ಹೇಳಲು ಮಾತಿಲ್ಲ. ಇಂಥ ಸಾವುಗಳನ್ನು ಮುಚ್ಚಿಟ್ಟರೆ ಜನ ಲಸಿಕೆಯನ್ನು ನಂಬುತ್ತಾರೆ ಎಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ಏನಾಯಿತು, ಯಾಕಾಯಿತು ಎಂದು ಬಿಡಿಸಿ ಹೇಳಿದರೆ ಮಾತ್ರ ಮುಂದಿನ ತಾಯಿ ಮಗುವನ್ನು ಎತ್ತಿಕೊಂಡು ಬರುತ್ತಾಳೆ.

ಹಾಗೆ ಹೇಳದೇ ಹೋದಾಗ ಆಗುವುದು ಸಮೋವಾದಲ್ಲಿ ಆಯಿತು. ಶಾಂತ ಸಾಗರದ ಈ ಪುಟ್ಟ ದೇಶದಲ್ಲಿ 2018ರ ಜುಲೈನಲ್ಲಿ ಲಸಿಕೆ ಪಡೆದ ಎರಡು ಕೂಸುಗಳು ಸತ್ತವು. ಪುಡಿಗೆ ನೀರಿನ ಬದಲು ಅವಧಿ ಮೀರಿದ ಸ್ನಾಯು ಸಡಿಲಿಸುವ ಔಷಧಿಯನ್ನು ದಾದಿಯರು ಬೆರೆಸಿಬಿಟ್ಟಿದ್ದರು. ಸರ್ಕಾರ ತಿಂಗಳುಗಟ್ಟಲೆ ಲಸಿಕೆಯನ್ನೇ ನಿಲ್ಲಿಸಿತು, ಜನರ ಭಯ ಹಾಗೇ ಬೆಳೆಯಿತು. ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇ 31ರ ಆಸುಪಾಸಿಗೆ ಇಳಿಯಿತು. 2019ರ ಕೊನೆಗೆ ದಡಾರ ಒಳಗೆ ಬಂದಾಗ ಎರಡು ಲಕ್ಷ ಜನರ ದೇಶದಲ್ಲಿ 83 ಮಂದಿ ಸತ್ತರು, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಸರ್ಕಾರ ಎರಡು ದಿನ ಕಚೇರಿ ಅಂಗಡಿ ಎಲ್ಲವನ್ನೂ ಮುಚ್ಚಿಸಿ, ಲಸಿಕೆ ಬೇಕಾದವರು ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಸಾರಿತು. ಬೀದಿ ಬೀದಿಯಲ್ಲಿ ಕೆಂಪು ಬಟ್ಟೆ ಹಾರಾಡಿತು. ಕೈಗೆ ಸಿಕ್ಕಿದ ಅಂಗಿಯನ್ನೋ ಟವೆಲ್ಲನ್ನೋ ಕಟ್ಟಿ ಸೂಜಿಗಾಗಿ ಕಾದವರಲ್ಲಿ ವರ್ಷದ ಹಿಂದೆ ಅದೇ ಸೂಜಿಗೆ ಹೆದರಿದ್ದವರೂ ಇದ್ದರು.

ದಡಾರ ಇಷ್ಟು ವೇಗವಾಗಿ ಹರಡುವುದರಿಂದ ಊರಿನ ನೂರರಲ್ಲಿ 95 ಮಂದಿಗೆ ರಕ್ಷಣೆ ಇದ್ದರೆ ಮಾತ್ರ ಅದಕ್ಕೆ ದಾರಿ ಮುಚ್ಚುತ್ತದೆ. ಜಿಲ್ಲೆಯ ಸರಾಸರಿ 95 ಇದ್ದರೂ ಒಂದು ಓಣಿಯಲ್ಲಿ 60 ಇದ್ದರೆ ವೈರಸ್ಸು ಆ ಓಣಿಯನ್ನು ಹುಡುಕಿಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ತಪ್ಪಿದ ಡೋಸ್‌ಗಳ ಫಲವನ್ನು 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯ ಇಕ್ಕಟ್ಟಿನ ಮನೆಗಳ ಮಕ್ಕಳು ಉಂಡರು. 2025ರಲ್ಲಿ ಟೆಕ್ಸಾಸ್‌ನಲ್ಲಿ ಲಸಿಕೆ ಪಡೆಯದ ಇಬ್ಬರು ಶಾಲಾ ಮಕ್ಕಳು ದಡಾರದಿಂದ ಸತ್ತರು. ಒಂಬತ್ತು ತಿಂಗಳು ತುಂಬದ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಬಸುರಿ, ಇವರಿಗೆ ಈ ಲಸಿಕೆ ಹಾಕುವಂತಿಲ್ಲ. ಸುತ್ತಲಿನವರ ತೋಳಿಗೆ ಬಿದ್ದ ಡೋಸ್‌ಗಳೇ ಇವರನ್ನು ಕಾಯಬೇಕು. ಹಾವಳಿ ಎದ್ದಿರುವ ಕಡೆ ಆರು ತಿಂಗಳ ಕೂಸಿಗೂ ಒಂದು ಹೆಚ್ಚುವರಿ ಡೋಸ್ ಕೊಡುವುದುಂಟು.

ನಮ್ಮಲ್ಲಿ ತಪ್ಪಿಹೋಗುವ ಮಕ್ಕಳು ಹೆಚ್ಚಾಗಿ ಅಲೆಮಾರಿ ದುಡಿಮೆಯವರ ಮಕ್ಕಳು. ಕಬ್ಬು ಕಡಿಯಲು ಟ್ರ್ಯಾಕ್ಟರಿನಲ್ಲಿ ಬರುವವರು, ಬೆಂಗಳೂರಿನಲ್ಲಿ ಏಳುವ ಕಟ್ಟಡಗಳ ಬುಡದ ತಗಡಿನ ಶೆಡ್ಡುಗಳಲ್ಲಿ ಇರುವವರು. ಒಂಬತ್ತು ತಿಂಗಳಿನದ್ದು ಊರಲ್ಲಿ ಹಾಕಿಸಿರುತ್ತಾರೆ, ಎರಡನೆಯದರ ಹೊತ್ತಿಗೆ ಇಲ್ಲಿರುತ್ತಾರೆ. ಆಶಾ ಕಾರ್ಯಕರ್ತೆ ಬಂದು "ಅಕ್ಕಾ, ಪಾಪುಗೆ ಒಂದೂವರೆ ವರ್ಷದ್ದು ಹಾಕ್ಸಿದ್ದೀರಾ?" ಎಂದರೆ "ಕಾರ್ಡು ಊರಲ್ಲೇ ಐತ್ರೀ" ಎಂಬ ಉತ್ತರ. ಇಂಥ ಶೆಡ್ಡಿನ ಪಕ್ಕ ಮನೆ ಇರುವವರು, ಅಲ್ಲಿ ಕೆಲಸ ಮಾಡಿಸುವ ಮೇಸ್ತ್ರಿ, ಎಂಜಿನಿಯರು ಒಂದು ಮಾತು ಹೇಳಿದರೂ ಸಾಕು. ಜ್ವರದ ಜೊತೆ ದದ್ದು ಎದ್ದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಮುಂಚೆ ಫೋನ್ ಮಾಡಿ ತಿಳಿಸಿ, ಉಳಿದ ಮಕ್ಕಳ ಜೊತೆ ಕೂರಿಸದೆ ಹೊರಗೇ ನಿಂತು ಕಾಯಬೇಕು. ರೋಗಿಯ ಸಂಪರ್ಕಕ್ಕೆ ಬಂದ, ಡೋಸ್ ತಪ್ಪಿದ ಮಗುವಿಗೆ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗ ತಪ್ಪುವ ಸಾಧ್ಯತೆ ಇದೆ. ವಯಸ್ಸು ಮೀರಿತು ಎಂದು ಹಿಂಜರಿಯಬೇಕಿಲ್ಲ, ತಪ್ಪಿದ ಡೋಸ್ ಅನ್ನು ಐದು ವರ್ಷದವರೆಗೆ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಹಾಕುತ್ತಾರೆ. ತಾಯಿ ಕಾರ್ಡ್ ಕೈಯಲ್ಲಿರದಿದ್ದರೂ, ಊರು ಬೇರೆ ರಾಜ್ಯದ್ದಾದರೂ ಹಾಕುತ್ತಾರೆ. ಯಾವ ಡೋಸ್ ಬಿದ್ದಿತ್ತೋ ಇಲ್ಲವೋ ಎಂಬುದು ನೆನಪಿಲ್ಲದಿದ್ದರೆ ಮತ್ತೊಮ್ಮೆ ಹಾಕಿಸಿದರೂ ಮಗುವಿಗೆ ತೊಂದರೆ ಇಲ್ಲ.